ಬ್ಲೂ-ರೇ ಯಂತ್ರವನ್ನು ಕೊಳ್ಳುವ ಮುನ್ನ

ರಾಯಚೂರು ನಗರದಲ್ಲಾಗಲಿ, ದೇವದುರ್ಗ ಮಾನ್ವಿಗಳಲ್ಲಾಗಲಿ, ಹಳೆಯ ಬೀರುವಿನ ಮೇಲಿನ ಅರೆಯನ್ನು ತಡವಿದರೆ ಹೊಳೆಯುವ ತಟ್ಟೆಗಳ ಕಟ್ಟೊಂದು ಕೈಗೆ ಸಿಗುವ ಮನೆಗಳು ಇಂದಿಗೂ ಹಲವು. ಒಂದರ ಮೇಲೆ ಅಕ್ಕನ ಮದುವೆಯ ದಿನಾಂಕ ಬರೆದಿದೆ. ಇನ್ನೊಂದರಲ್ಲಿ ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳಿವೆ. ಮತ್ತೊಂದರಲ್ಲಿ ರಾಜಕುಮಾರರ ಚಲನಚಿತ್ರ. ಅವನ್ನು ಓದಿ ತೋರಿಸುತ್ತಿದ್ದ ಯಂತ್ರ ಮಾತ್ರ ಎಂದೋ ಕೆಟ್ಟು ಮೂಲೆ ಸೇರಿದೆ. ಇಂಥ ಮನೆಯ ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: “ಕಡಿಮೆ ಬೆಲೆಯ ಬ್ಲೂ-ರೇ ಯಂತ್ರವೊಂದನ್ನು ಮನೆಗೆ ತರುವುದು ಈಗಲೂ ಯುಕ್ತವೆ? ತರುವುದಾದರೆ ಯಾವುದನ್ನು ತರಬೇಕು?”

ಯುಕ್ತವೆಂದೇ ನಮ್ಮ ಅಭಿಪ್ರಾಯ. ಆದರೆ ಅಂಗಡಿಯವನ ಬೆಲೆಪಟ್ಟಿ ಈ ಆಯ್ಕೆಯನ್ನು ಮಾಡತಕ್ಕದ್ದಲ್ಲ. ಬೀರುವಿನಲ್ಲಿರುವ ತಟ್ಟೆಗಳು, ಗೋಡೆಯ ಮೇಲಿನ ದೂರದರ್ಶನ ಪೆಟ್ಟಿಗೆ, ನಮ್ಮ ಊರಿನ ಬೇಸಗೆ, ಈ ಮೂರೂ ಸೇರಿ ಮಾಡತಕ್ಕದ್ದು. ಅದರ ಕಾರಣವನ್ನು ತಿಳಿಯಬೇಕಾದರೆ ಮೊದಲು ಯಂತ್ರದ ಒಳಗುಟ್ಟನ್ನು ಸ್ವಲ್ಪ ಅರಿಯಬೇಕು.

ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಈ ಮೂರೂ ಒಂದೇ ಕುಲದವು. ಮೂರರ ವ್ಯಾಸವೂ 12 ಸೆಂಟಿಮೀಟರ್. ಮೂರರಲ್ಲಿಯೂ ಮಾಹಿತಿಯು ಕಣ್ಣಿಗೆ ಕಾಣದಷ್ಟು ಸಣ್ಣ ಗುರುತುಗಳ ರೂಪದಲ್ಲಿ, ಒಳಗಿನಿಂದ ಹೊರಕ್ಕೆ ಸುತ್ತುವ ಸುರುಳಿಯೊಂದರ ಉದ್ದಕ್ಕೂ ಅಡಗಿರುತ್ತದೆ. ಲೇಸರ್ ಕಿರಣವೊಂದು ಆ ಸುರುಳಿಯನ್ನು ಹಿಂಬಾಲಿಸಿ, ಮರಳಿ ಬರುವ ಬೆಳಕಿನ ಏರಿಳಿತದಿಂದ ಗುರುತುಗಳನ್ನು ಓದುತ್ತದೆ. ಭೇದವಿರುವುದು ಬೆಳಕಿನಲ್ಲಿ. ಸಿ.ಡಿ.ಯನ್ನು ಓದುವುದು 780 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಕಿರಣ, ಡಿ.ವಿ.ಡಿ.ಯನ್ನು ಓದುವುದು 650 ನ್ಯಾನೊಮೀಟರ್‌ನ ಕೆಂಪು ಕಿರಣ. ಬ್ಲೂ-ರೇಯನ್ನು ಓದುವುದು 405 ನ್ಯಾನೊಮೀಟರ್‌ನ ನೀಲಿನೇರಳೆ ಕಿರಣ. ಅಲೆಯುದ್ದ ಕಿರಿದಾದಷ್ಟೂ ಕಿರಣವನ್ನು ಇನ್ನೂ ಸಣ್ಣ ಚುಕ್ಕೆಗೆ ಕೂಡಿಸಬಹುದು. ಚುಕ್ಕೆ ಸಣ್ಣದಾದಷ್ಟೂ ಸುರುಳಿಯ ಗೆರೆಗಳನ್ನು ಒತ್ತೊತ್ತಾಗಿ ಹಾಕಬಹುದು. ಸಿ.ಡಿ.ಯಲ್ಲಿ ಗೆರೆಯಿಂದ ಗೆರೆಗೆ 1.6 ಮೈಕ್ರೊಮೀಟರ್ ಅಂತರವಿದ್ದರೆ, ಡಿ.ವಿ.ಡಿ.ಯಲ್ಲಿ ಅದು 0.74, ಬ್ಲೂ-ರೇಯಲ್ಲಿ ಬರಿಯ 0.32.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಾಚಕರು ಇದನ್ನು ತಾವೇ ತಾಳೆ ನೋಡಬಹುದು. ಚುಕ್ಕೆಯ ಅಗಲವು ಅಲೆಯುದ್ದವನ್ನು ಮಸೂರದ ಕೂಡಿಸುವ ಶಕ್ತಿಯ ಸಂಖ್ಯೆಯಿಂದ ಭಾಗಿಸಿದಷ್ಟರ ಪ್ರಮಾಣದಲ್ಲಿರುತ್ತದೆ. ಈ ಸಂಖ್ಯೆ ಡಿ.ವಿ.ಡಿ.ಗೆ 0.60, ಬ್ಲೂ-ರೇಗೆ 0.85. ಭಾಗಿಸಿದರೆ ಮೊದಲನೆಯದು 1,083, ಎರಡನೆಯದು 476. ಇವುಗಳ ಅನುಪಾತ ಸುಮಾರು 2.27, ಅದರ ವರ್ಗ 5ಕ್ಕಿಂತ ತುಸು ಹೆಚ್ಚು. ಒಂದು ಪದರದ ಡಿ.ವಿ.ಡಿ. ಹಿಡಿಯುವುದು 4.7 ಗಿಗಾಬೈಟ್. ಅದನ್ನು ಐದು ಪಟ್ಟಿಗೆ ಸ್ವಲ್ಪ ಮೇಲೆ ಮಾಡಿದರೆ ಒಂದು ಪದರದ ಬ್ಲೂ-ರೇ ಹಿಡಿಯುವ 25 ಗಿಗಾಬೈಟ್‌ನ ಸಮೀಪಕ್ಕೆ ಬರುತ್ತೇವೆ. ತಟ್ಟೆ ದೊಡ್ಡದಾಗಲಿಲ್ಲ, ಬೆಳಕು ಸೂಕ್ಷ್ಮವಾಯಿತು, ಅಷ್ಟೆ.

ಆ ಸೂಕ್ಷ್ಮವಾದ ಬೆಳಕು ಸುಲಭವಾಗಿ ದೊರೆತುದಲ್ಲ. ಕೆಂಪು ಬೆಳಕನ್ನು ಸೂಸುವ ಅರೆವಾಹಕಗಳು ಬಳಕೆಗೆ ಬಂದ ಬಹುಕಾಲದ ಮೇಲೂ ನೀಲಿ ಬೆಳಕು ವಿಜ್ಞಾನಿಗಳ ಕೈಗೆಟುಕಿರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ನಿರ್ದೋಷವಾದ ಹರಳನ್ನು ಬೆಳೆಸುವುದರಲ್ಲಿ ಜಪಾನಿನ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ಹಲವು ವರ್ಷ ದುಡಿದರು. ನೀಲಿ ಬೆಳಕಿನ ಡಯೋಡಿಗಾಗಿ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಆ ಮೂವರಿಗೆ ಸಂದಿತು. ಬ್ಲೂ-ರೇಯ ಕಿರಣವು ಅದೇ ವಸ್ತುವಿನ ಕೂಸು. ಆ ಯಂತ್ರಗಳು ಮಾರುಕಟ್ಟೆಗೆ ಬಂದುದು 2006ರಲ್ಲಿ.

ಇನ್ನು ಆಯ್ಕೆಯ ಮಾತು. ಮೊದಲ ಪರೀಕ್ಷೆ ಬೀರುವಿನದು. ಕನ್ನಡ ಚಲನಚಿತ್ರಗಳು ಬ್ಲೂ-ರೇ ರೂಪದಲ್ಲಿ ಹೊರಬಂದಿರುವುದು ಬಹಳ ವಿರಳ. ಆದಕಾರಣ ನಮ್ಮ ಮನೆಗಳಿಗೆ ಬರುವ ಬ್ಲೂ-ರೇ ಯಂತ್ರವು ತನ್ನ ಆಯುಷ್ಯದ ಹೆಚ್ಚು ಭಾಗವನ್ನು ಹಳೆಯ ಡಿ.ವಿ.ಡಿ., ವಿ.ಸಿ.ಡಿ.ಗಳನ್ನು ಓದುವುದರಲ್ಲಿಯೇ ಕಳೆಯುವುದು. ಯಂತ್ರ ಹೊಸದಾದ ಮಾತ್ರಕ್ಕೆ ಅದು ಹಳೆಯದನ್ನೆಲ್ಲ ಓದೀತೆಂದು ನಂಬುವಂತಿಲ್ಲ. ಮೂರು ಬಗೆಯ ತಟ್ಟೆಗಳಿಗೆ ಮೂರು ಬಗೆಯ ಕಿರಣ ಬೇಕಷ್ಟೆ. ಕಿರಣವಿದ್ದರೂ ವಿ.ಸಿ.ಡಿ.ಯ ಚಿತ್ರಲಿಪಿಯನ್ನು ಬಿಡಿಸುವ ಏರ್ಪಾಡನ್ನು ಕೆಲವು ತಯಾರಕರು ಕೈಬಿಟ್ಟಿದ್ದಾರೆ. ಬ್ಲೂ-ರೇಯನ್ನು ಓದುವ ಆಟದ ಯಂತ್ರಗಳೂ ಉಂಟು. ಅವುಗಳಲ್ಲಿ ಪ್ಲೇಸ್ಟೇಷನ್ 4 ಸಾಮಾನ್ಯ ಸಿ.ಡಿ.ಯ ಸಂಗೀತವನ್ನು ಸಹ ನುಡಿಸದು. ಆದುದರಿಂದ ಅಂಗಡಿಗೆ ಹೋಗುವಾಗ ಮನೆಯ ತಟ್ಟೆಗಳಲ್ಲಿ ಬಗೆಗೊಂದನ್ನು ಜೊತೆಗೆ ಒಯ್ಯಿರಿ: ಒಂದು ಸಿ.ಡಿ., ಒಂದು ವಿ.ಸಿ.ಡಿ., ಅಂಗಡಿಯಲ್ಲಿ ಕೊಂಡ ಒಂದು ಡಿ.ವಿ.ಡಿ., ಮದುವೆಯ ಛಾಯಾಗ್ರಾಹಕರು ಬರೆದುಕೊಟ್ಟ ಒಂದು ಡಿ.ವಿ.ಡಿ. ನಾಲ್ಕನ್ನೂ ಓದಿ ತೋರಿಸಿದ ಯಂತ್ರವೇ ನಿಮ್ಮ ಯಂತ್ರ. ಬಳಸಿ ಬಿಟ್ಟ ಯಂತ್ರವನ್ನು ಕೊಳ್ಳುವವರಿಗಂತೂ ಈ ಪರೀಕ್ಷೆ ಅನಿವಾರ್ಯ.

ಎರಡನೆಯ ಪರೀಕ್ಷೆ ದೂರದರ್ಶನ ಪೆಟ್ಟಿಗೆಯದು. ಬ್ಲೂ-ರೇಯ ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ 1,080 ಗೆರೆಗಳಿವೆ. ನಮ್ಮ ದೇಶದ ಪದ್ಧತಿಯ ಡಿ.ವಿ.ಡಿ.ಯಲ್ಲಿ 576. ಈ ಅಂತರವು ಎಲ್ಲ ಮನೆಗಳಲ್ಲಿಯೂ ಕಾಣುವುದೆಂದು ತಿಳಿದರೆ ತಪ್ಪಾದೀತು. ಸಾಧಾರಣ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ಗೆರೆಯು ತನ್ನ ಅಗಲದ ಸುಮಾರು 3,440 ಪಟ್ಟು ದೂರದಲ್ಲಿರುವಾಗ ಈ ಮಿತಿ ಬರುತ್ತದೆ. 32 ಅಂಗುಲದ ಪೆಟ್ಟಿಗೆಯ ತೆರೆಯ ಎತ್ತರ ಸುಮಾರು 40 ಸೆಂಟಿಮೀಟರ್. 576 ಗೆರೆಗಳಾದರೆ ಒಂದೊಂದರ ಅಗಲ 0.69 ಮಿಲಿಮೀಟರ್, 2.4 ಮೀಟರ್ ದೂರಕ್ಕೆ ಹೋದರೆ ಅವು ಒಂದರೊಡನೊಂದು ಕೂಡಿಕೊಂಡು ಕಾಣುತ್ತವೆ. ಅಂದಮೇಲೆ 3 ಮೀಟರ್ ದೂರದ ಮಂಚದ ಮೇಲೆ ಕುಳಿತು 32 ಅಂಗುಲದ ತೆರೆಯನ್ನು ನೋಡುವವನಿಗೆ ಒಳ್ಳೆಯ ಡಿ.ವಿ.ಡಿ.ಗೂ ಬ್ಲೂ-ರೇಗೂ ಗೆರೆಗಳ ಸೂಕ್ಷ್ಮತೆಯಲ್ಲಿ ಭೇದ ಕಾಣಿಸದು. ಬಣ್ಣದ ನಯ, ಧ್ವನಿಯ ಶುದ್ಧಿ ಇವು ಬೇರೆ ಮಾತು. ಅದೇ ಮನೆಯಲ್ಲಿ ಪೆಟ್ಟಿಗೆಯು 43 ಅಂಗುಲದ್ದಾಗಿ, ಕುರ್ಚಿಯು 2 ಮೀಟರ್ ದೂರದಲ್ಲಿದ್ದರೆ ಭೇದವು ಎದ್ದು ಕಾಣುತ್ತದೆ. ಆದುದರಿಂದ ಕೊಳ್ಳುವ ಮುನ್ನ ಅಳತೆಪಟ್ಟಿಯನ್ನು ಹಿಡಿದು ಗೋಡೆಯಿಂದ ಕುರ್ಚಿಯವರೆಗೆ ಅಳೆಯಿರಿ. ಸಣ್ಣ ತೆರೆಯ ಮನೆಯವರು ಇನ್ನೂ ಸೂಕ್ಷ್ಮವಾದ ‘4ಕೆ’ ಯಂತ್ರಕ್ಕೆ ಹೆಚ್ಚಿನ ಹಣ ತೆರುವುದು ವ್ಯರ್ಥ.

ಪೆಟ್ಟಿಗೆಯ ಹಿಂಬದಿಯನ್ನೂ ನೋಡಬೇಕು. ಹಳೆಯ ಉಬ್ಬುಗಾಜಿನ ಪೆಟ್ಟಿಗೆಗಳಿಗೆ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತಂತಿಗಳನ್ನು ಸಿಕ್ಕಿಸುತ್ತಿದ್ದುದು ನಮಗೆಲ್ಲ ನೆನಪಿದೆ. ನಕಲು ತೆಗೆಯುವವರಿಗೆ ಹೆದರಿದ ಚಿತ್ರೋದ್ಯಮವು, 2013ರ ಕೊನೆಯ ತರುವಾಯ ತಯಾರಾದ ಬ್ಲೂ-ರೇ ಯಂತ್ರಗಳು ಬೀಗಮುದ್ರೆಯುಳ್ಳ ಬ್ಲೂ-ರೇ ಚಿತ್ರವನ್ನು ಅಂಥ ತಂತಿಗಳ ಮೂಲಕ ಕಳುಹಿಸಕೂಡದೆಂದು ಕಟ್ಟುಮಾಡಿತು. ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಬಾಯಿ ಇಲ್ಲದ ಪೆಟ್ಟಿಗೆಗೆ ಹೊಸ ಯಂತ್ರವನ್ನು ತಂದರೆ ಅದು ಮೂಕನೆದುರಿನ ಕಿವುಡನಂತಾಗುವುದು.

ಮೂರನೆಯದು ವಲಯದ ತೊಡಕು. ತಯಾರಕರು ಭೂಮಂಡಲವನ್ನು ಮೂರು ವಲಯಗಳಾಗಿ ಹಂಚಿಕೊಂಡಿದ್ದಾರೆ. ಅಮೆರಿಕ, ಜಪಾನ್ ಮೊದಲಾದವು ‘ಎ’ ವಲಯ. ಯೂರೋಪು, ಆಫ್ರಿಕ, ಆಸ್ಟ್ರೇಲಿಯಗಳು ‘ಬಿ’. ಭಾರತ, ಚೀನ, ರಷ್ಯಗಳು ‘ಸಿ’. ಒಂದು ವಲಯದ ಗುರುತುಳ್ಳ ತಟ್ಟೆಯನ್ನು ಇನ್ನೊಂದು ವಲಯದ ಯಂತ್ರ ಓದದು. ಇದರ ವೈಪರೀತ್ಯಕ್ಕೆ ಒಂದೇ ನಿದರ್ಶನ ಸಾಕು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲಾದ ಮೂರು ಚಿತ್ರಗಳ ಮೂಲಸುರುಳಿಗಳು 1993ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ತುತ್ತಾದುವು. ಸುಟ್ಟುಳಿದ ಭಾಗಗಳನ್ನೂ ಇತರ ಪ್ರತಿಗಳನ್ನೂ ಕೂಡಿಸಿ, ಇಟಲಿಯ ಬೊಲೊನ್ಯದಲ್ಲಿ ಅವನ್ನು ಪುನರುದ್ಧಾರ ಮಾಡಲಾಯಿತು. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2015ರಲ್ಲಿ ಅವುಗಳ ಬ್ಲೂ-ರೇಗಳನ್ನು ಹೊರತಂದಿತು. ಅವು ‘ಎ’ ವಲಯದವು. ಬಂಗಾಳದ ಹಳ್ಳಿಯಲ್ಲಿ ತೆಗೆದ ಆ ಚಿತ್ರದ ಅಂಥ ಪ್ರತಿಯನ್ನು, ಬಂಗಾಳದಲ್ಲಿಯೇ ಆಗಲಿ ರಾಯಚೂರಿನಲ್ಲಿಯೇ ಆಗಲಿ, ‘ಸಿ’ ವಲಯದ ಯಂತ್ರ ತೆರೆದು ತೋರಿಸದು! ಎಲ್ಲ ವಲಯಗಳಿಗೂ ಸಲ್ಲುವ ತಟ್ಟೆಗಳೂ ಬೇಕಾದಷ್ಟಿವೆ. ಕೊಳ್ಳುವಾಗ ಹೊದಿಕೆಯ ಹಿಂಬದಿಯ ಅಕ್ಷರವನ್ನು ನೋಡಿದರಾಯಿತು.

ಅಮೆರಿಕದಲ್ಲಿರುವ ಬಂಧುಗಳು ಯಂತ್ರವನ್ನು ತಂದುಕೊಡುವೆವೆಂದರೆ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ಯಂತ್ರದ ತಳದ ಚೀಟಿಯಲ್ಲಿ ‘100–240’ ಎಂದು ಬರೆದಿದ್ದರೆ ಚಿಂತೆಯಿಲ್ಲ. ಬರಿಯ ‘120’ ಎಂದಿದ್ದರೆ ನೇರವಾಗಿ ಗೋಡೆಗೆ ಸಿಕ್ಕಿಸಿದೊಡನೆ ಸುಟ್ಟುಹೋದೀತು. ಅಲ್ಲದೆ, ಅಲ್ಲಿಯ ಎಷ್ಟೋ ಯಂತ್ರಗಳು ನಮ್ಮ 576 ಗೆರೆಗಳ ಡಿ.ವಿ.ಡಿ.ಗಳನ್ನು ಓದುವುದಿಲ್ಲ.

ಹೀಗೆ ಆರಿಸಿ ತಂದ ಯಂತ್ರವನ್ನು ಬಾಳಿಸುವುದು ಹೇಗೆ? ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ನಾಡಿನಲ್ಲಿ ಅದರ ಮುಖ್ಯ ಶತ್ರುಗಳು ಎರಡು: ಸೆಕೆ ಮತ್ತು ಧೂಳು. ಇಂಥ ಯಂತ್ರಗಳ ಕೈಪಿಡಿಗಳಲ್ಲಿ ಹಲವು, 5ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಾತ್ರ ಯಂತ್ರವನ್ನು ನಡೆಸಬೇಕೆಂದು ವಿಧಿಸುತ್ತವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ರಾಯಚೂರಿನ ಹಗಲು 40 ಡಿಗ್ರಿಯನ್ನು ದಾಟುವುದು ವಿಶೇಷವೇನಲ್ಲ. ಉಷ್ಣತೆ ಏರಿದಷ್ಟೂ ಲೇಸರ್ ಡಯೋಡಿನ ಆಯುಷ್ಯ ಕುಗ್ಗುತ್ತದೆ. ಆದುದರಿಂದ ಕಡುಬೇಸಗೆಯಲ್ಲಿ ಚಿತ್ರವನ್ನು ರಾತ್ರಿಯ ತಂಪಿಗೆ ಮೀಸಲಿಡಿ. ಕಾವೇರುವ ಇತರ ಪೆಟ್ಟಿಗೆಗಳ ಮೇಲೆ ಯಂತ್ರವನ್ನು ಹೇರದೆ, ಅದರ ಸುತ್ತ ನಾಲ್ಕು ಬೆರಳು ಗಾಳಿಯಾಡಲು ಬಿಡಿ. ಬಳಸದಿರುವಾಗ ತೆಳುವಾದ ಬಟ್ಟೆಯನ್ನು ಹೊದಿಸಿರಿ. ನಡೆಯುವಾಗ ಮರೆಯದೆ ತೆಗೆಯಿರಿ.

ತಟ್ಟೆಯನ್ನು ಒರೆಸುವುದಕ್ಕೂ ಒಂದು ಕ್ರಮವುಂಟು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು, ಹಂಚನ್ನು ತಿಕ್ಕುವಂತೆ ಸುತ್ತ ಸುತ್ತ ಉಜ್ಜಕೂಡದು. ಕಾರಣ ಸರಳವಾದದ್ದು. ತಟ್ಟೆಯಲ್ಲಿ ಮಾಹಿತಿಯ ಜೊತೆಗೆ ತಪ್ಪನ್ನು ತಿದ್ದಿಕೊಳ್ಳುವ ಹೆಚ್ಚಿನ ಅಂಕಿಗಳನ್ನೂ ಬರೆದಿರುತ್ತಾರೆ. ಗೆರೆಯನ್ನು ಅಡ್ಡಲಾಗಿ ಕತ್ತರಿಸುವ ಗೀರು ಒಂದೊಂದು ಸುತ್ತಿನಲ್ಲಿಯೂ ಕೆಲವೇ ಗುರುತುಗಳನ್ನು ಕೆಡಿಸುವುದರಿಂದ ಯಂತ್ರವು ಆ ನಷ್ಟವನ್ನು ಲೆಕ್ಕದಿಂದ ತುಂಬಿಕೊಳ್ಳುತ್ತದೆ. ಗೆರೆಯ ಗುಂಟ ಸಾಗುವ ಗೀರು ಒಂದೇ ಕಡೆ ಸಾವಿರಾರು ಗುರುತುಗಳನ್ನು ನುಂಗುವುದರಿಂದ ಲೆಕ್ಕ ಸೋಲುತ್ತದೆ.

ವಿದ್ಯುತ್ತಿನ ವೆಚ್ಚದ ಬಗ್ಗೆ ಅಂಜಬೇಕಾಗಿಲ್ಲ. ಯಂತ್ರವು 15 ವಾಟ್ ಎಳೆಯುವುದೆಂದಿಟ್ಟುಕೊಂಡರೆ, ಎರಡೂವರೆ ಗಂಟೆಯ 26 ಚಿತ್ರಗಳನ್ನು ನೋಡಿದರೂ ಒಂದು ಯೂನಿಟ್ ಪೂರ್ತಿಯಾಗದು. ಆದರೆ ವಿದ್ಯುತ್ತು ಹೋಗಿ ಬರುವ ಹೊತ್ತಿನ ಬಗ್ಗೆ ಎಚ್ಚರ ಬೇಕು. ಹೊಸ ತಟ್ಟೆಗಳ ಬೀಗವನ್ನು ತೆರೆಯಲು ಯಂತ್ರದ ಒಳಗಿನ ಆದೇಶಗಳನ್ನು ಆಗಾಗ ನವೀಕರಿಸಬೇಕಾಗುತ್ತದೆ. ಮನೆಯಲ್ಲಿ ಅಂತರಜಾಲವಿಲ್ಲದಿದ್ದರೂ, ತಯಾರಕರು ನೀಡಿದ ಕಡತವನ್ನು ಸಣ್ಣದೊಂದು ಯು.ಎಸ್.ಬಿ. ಕಡ್ಡಿಯಲ್ಲಿ ತಂದು ಈ ಕೆಲಸ ಮಾಡಬಹುದಾದ ಯಂತ್ರಗಳುಂಟು. ದೇವದುರ್ಗದ ಕಡೆಯ ಹಳ್ಳಿಗಳವರು ಅಂಥದನ್ನೇ ಆರಿಸುವುದು ಲೇಸು. ನವೀಕರಣದ ನಡುವೆ ವಿದ್ಯುತ್ತು ನಿಂತರೆ ಯಂತ್ರ ನಿರುಪಯುಕ್ತವಾಗುವ ಅಪಾಯವಿದೆ. ಬ್ಯಾಟರಿಯ ಆಸರೆಯಿದ್ದಾಗ ಮಾತ್ರ ಅದಕ್ಕೆ ಕೈಹಾಕಿರಿ.

ಇಷ್ಟನ್ನು ಓದಿದ ಮೇಲೆ, “ಜಂಗಮವಾಣಿಯಲ್ಲಿಯೇ ಜಗತ್ತಿನ ಚಿತ್ರಗಳೆಲ್ಲ ಹರಿದು ಬರುತ್ತಿರುವಾಗ ತಟ್ಟೆಯ ಹಂಗೇಕೆ?” ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಅಗ್ಗದ ಮನರಂಜನೆಗೆ ಅದೇ ಸುಲಭವಾದ ದಾರಿ. ಆದರೆ ದಿನಕ್ಕೆ 2 ಗಿಗಾಬೈಟ್ ಎಂಬ ಮಿತಿಯುಳ್ಳವನು 25 ಗಿಗಾಬೈಟ್‌ನ ಒಂದು ತಟ್ಟೆಯಲ್ಲಿರುವಷ್ಟನ್ನು ತರಿಸಲು ಹನ್ನೆರಡು ದಿನಕ್ಕಿಂತ ಹೆಚ್ಚು ಕಾಯಬೇಕು. ಹರಿದು ಬರುವ ಚಿತ್ರವನ್ನು ಹಿಂಡಿ ಹಿಂಡಿ ಕಿರಿದುಮಾಡಿರುವುದೇ ಅದು ಬೇಗ ಬರುವುದರ ಗುಟ್ಟು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹರಿದು ಬರುವುದು ನಮ್ಮದಲ್ಲ. ಕಳುಹಿಸುವವನು ನಿಲ್ಲಿಸಿದ ದಿನ ಅದು ನಿಲ್ಲುತ್ತದೆ.

ಈ ಪಾಠವನ್ನು ನಮ್ಮ ಜಿಲ್ಲೆ ಅರ್ಧ ಶತಮಾನದ ಹಿಂದೆಯೇ ಕಲಿತಿದೆ. 1975ರ ಆಗಸ್ಟ್ 1ರಂದು, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನವನ್ನು ಒಯ್ಯುವ ‘ಸೈಟ್’ ಪ್ರಯೋಗ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬೇಸಾಯ, ಆರೋಗ್ಯ, ಶಾಲೆಯ ಪಾಠಗಳು ಆಕಾಶದಿಂದ ಕನ್ನಡದಲ್ಲಿ ಇಳಿದು ಬಂದುವು. 1976ರ ಜುಲೈ 31ರಂದು ಅವಧಿ ಮುಗಿಯಿತು. ಉಪಗ್ರಹವನ್ನು ಮತ್ತೆ ಪಶ್ಚಿಮಕ್ಕೆ ಸರಿಸಿದರು. ಆಕಾಶದ ಚಿತ್ರ ನಿಂತಿತು. ಆ ಪ್ರಯೋಗ ದೇಶಕ್ಕೆ ಮಹೋಪಕಾರ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಡ ಚಿತ್ರವನ್ನು ಇನ್ನೊಮ್ಮೆ ಕಾಣಬೇಕೆಂದರೆ ಆ ಹಳ್ಳಿಗಳಲ್ಲಿ ಅದಕ್ಕೆ ಉಪಾಯವಿರಲಿಲ್ಲ. ತಟ್ಟೆಗೂ ಪ್ರವಾಹಕ್ಕೂ ಇರುವ ಅಂತರವೇ ಇದು.

ತಟ್ಟೆಗಾದರೋ ಇನ್ನೊಂದು ಬಗೆಯ ಮರಣವುಂಟು: ಓದುವವನಿಲ್ಲದೆ ಸಾಯುವುದು. ಆಪ್ಪೊ ಸಂಸ್ಥೆ ಬ್ಲೂ-ರೇ ಯಂತ್ರಗಳನ್ನು ನಿಲ್ಲಿಸುವುದಾಗಿ 2018ರಲ್ಲಿ ಸಾರಿತು. ಅಮೆರಿಕದ ಮಾರುಕಟ್ಟೆಗೆ ಹೊಸ ಮಾದರಿಗಳನ್ನು ತರುವುದಿಲ್ಲವೆಂದು ಸ್ಯಾಮ್‌ಸಂಗ್ 2019ರಲ್ಲಿ ತಿಳಿಸಿತು. ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ಮುಗಿಸಿತು. ನಮ್ಮ ದೇಶದಲ್ಲಿ ಅಗ್ಗದ ತಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿದ ಮೋಸರ್ ಬೇರ್ ಸಂಸ್ಥೆಯೂ 2018ರಲ್ಲಿ ಸಮಾಪನೆಯ ಹಾದಿ ಹಿಡಿಯಿತು. ಇದಕ್ಕಾಗಿ ವಿಷಾದಪಟ್ಟು ಫಲವಿಲ್ಲ. ಆದರೆ ಇನ್ನೂ ಸಿಗುತ್ತಿರುವಾಗ ಯಂತ್ರವೊಂದನ್ನು ಹೊಂದಿರುವುದು ವಿವೇಕ.

ನಮ್ಮ ಮನೆಯ ಅನುಭವವೊಂದನ್ನು ಹೇಳುತ್ತೇವೆ. ದೇವದುರ್ಗದಲ್ಲಿ 2006ರಲ್ಲಿ ನಡೆದ ಮದುವೆಯೊಂದರ ಡಿ.ವಿ.ಡಿ. ಹಲವು ವರ್ಷ ಕಬ್ಬಿಣದ ಬೀರುವಿನ ನೆತ್ತಿಯಲ್ಲಿ, ಕಾದ ಚಾವಣಿಯ ಕೆಳಗೆ ಬಿದ್ದಿತ್ತು. ಅದರಲ್ಲಿ ಈಗ ನಮ್ಮೊಡನಿಲ್ಲದ ಹಿರಿಯರೊಬ್ಬರು ಅಕ್ಷತೆಯನ್ನು ಹಿಡಿದು ಹರಸುವ ದೃಶ್ಯವಿದೆ. ಅವರ ಧ್ವನಿ ಬೇರೆಲ್ಲಿಯೂ ಉಳಿದಿಲ್ಲ. ಹಳೆಯ ಯಂತ್ರದಲ್ಲಿ ತಟ್ಟೆ ಆ ದೃಶ್ಯಕ್ಕೆ ಮುನ್ನವೇ ಚೂರುಚೂರಾಗಿ ನಿಂತುಬಿಡುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯಲ್ಲಿ ಗುರುತುಗಳು ನಿಜವಾದ ಕುಳಿಗಳು. ಛಾಯಾಗ್ರಾಹಕರು ಬರೆದುಕೊಡುವ ತಟ್ಟೆಯಲ್ಲಿಯಾದರೋ ಅವು ಸಾವಯವ ಬಣ್ಣದ ಪದರವೊಂದರ ಮೇಲಿನ ಕಲೆಗಳು. ಬಿಸಿಲು ಸೆಕೆಗಳಿಗೆ ಆ ಬಣ್ಣ ಮಾಸುತ್ತದೆ. ಒಬ್ಬ ಯಂತ್ರ ಓದಲಾರದ್ದನ್ನು ಇನ್ನೊಬ್ಬ ಯಂತ್ರ ಓದುವುದುಂಟು. ನಾವು ತಂದ ಕಡಿಮೆ ಬೆಲೆಯ ಬ್ಲೂ-ರೇ ಯಂತ್ರವು ಅದನ್ನು ಓದಿತು. ನಡುವೆ ಕೆಲವು ನಿಮಿಷಗಳು ಮಾತ್ರ ಹೋದುವು. ಹಿರಿಯರ ಧ್ವನಿ ಕೇಳಿಸಿತು. ಮನೆಯವರು ಆ ರಾತ್ರಿ ಅದನ್ನು ಮೂರು ಸಲ ಹಾಕಿಸಿದರು.

ಮರುದಿನವೇ ನಾವು ಆ ತಟ್ಟೆಯನ್ನು ಕಂಪ್ಯೂಟರಿನ ಡ್ರೈವಿನಲ್ಲಿಟ್ಟು ಎರಡು ಪ್ರತಿಗಳನ್ನು ಮಾಡಿದೆವು. ತೋರಿಸುವ ಯಂತ್ರ ಪ್ರತಿ ತೆಗೆಯುವುದಿಲ್ಲವಷ್ಟೆ. ಒಂದು ಪ್ರತಿ ರಾಯಚೂರಿನಲ್ಲಿ, ಇನ್ನೊಂದು ಮಾನ್ವಿಯ ಬಂಧುಗಳಲ್ಲಿ ಇದೆ. ಮಾರಾಟದ ಚಿತ್ರಗಳ ಬೀಗವನ್ನು ಒಡೆದು ನಕಲು ಮಾಡುವುದು ಕಾನೂನಿಗೆ ಸಲ್ಲದ ಕೆಲಸ. ಮನೆಯ ಮದುವೆ, ನಾಮಕರಣ, ಹಿರಿಯರ ಮಾತು ಇವು ನಮ್ಮವು. ಇವುಗಳ ಪ್ರತಿ ತೆಗೆಯದಿರುವುದೇ ತಪ್ಪು.

ಆದುದರಿಂದ ವಿದ್ಯಾರ್ಥಿ ಮಿತ್ರರಿಗೆ ನಮ್ಮ ಸೂಚನೆ ಇಷ್ಟೆ. ಬರುವ ಭಾನುವಾರ ಬೀರುವಿನ ಮೇಲಿನ ತಟ್ಟೆಗಳನ್ನು ಕೆಳಗಿಳಿಸಿ, ಬಗೆಬಗೆಯಾಗಿ ವಿಂಗಡಿಸಿ, ಪಟ್ಟಿ ಮಾಡಿರಿ. ಬರೆದ ತಟ್ಟೆಗಳನ್ನು ನೆರಳಿನ ತಂಪಾದ ಅರೆಗೆ ಬದಲಾಯಿಸಿರಿ. ಕುರ್ಚಿಯ ದೂರವನ್ನು ಅಳೆಯಿರಿ. ಪೆಟ್ಟಿಗೆಯ ಹಿಂಬದಿಯನ್ನು ನೋಡಿರಿ. ಇವೆಲ್ಲಕ್ಕೂ ಒಂದು ಕಾಸಿನ ಖರ್ಚಿಲ್ಲ. ಆಮೇಲೆ ನಾಲ್ಕು ತಟ್ಟೆಗಳನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿರಿ. ಯಾವ ಯಂತ್ರವನ್ನು ಕೊಳ್ಳಬೇಕೆಂಬುದನ್ನು ಆ ತಟ್ಟೆಗಳೇ ಹೇಳುವುವು.